ಮಜಗಾಂವಿನ ಜೀಪು, ಕಾಂದಿವಲಿಯ ಅಂಗಳ

ಕಳೆದ ವರ್ಷ ಮಳೆಗಾಲಕ್ಕೆ ಇನ್ನೂ ಮೂರು ವಾರವಿರುವಾಗ, ಹೊಸನಗರ ತಾಲೂಕಿನ ನಿಟ್ಟೂರಿನ ಕಡೆಯಿಂದ ಲಾರಿಯೊಂದರ ಬೆನ್ನೇರಿ ಹಳೆಯ ಜೀಪೊಂದು ಕಾಂದಿವಲಿ ಪೂರ್ವದ ನಮ್ಮ ವಸತಿ ಸಂಕೀರ್ಣದ ಅಂಗಳಕ್ಕೆ ಬಂದಿಳಿಯಿತು. ಅದು ನಮ್ಮ ಸೋದರಮಾವನ ಜೀಪು. ಮಾವ ತೀರಿಕೊಂಡ ಮೇಲೆ ಆರು ವರ್ಷ ಅಡಿಕೆ ಚಪ್ಪರದ ಕೆಳಗೆ ನಿಂತಿತ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದನೆಂಬ ಸುದ್ದಿ ತಿಳಿದಾಗ ಅಣ್ಣತಮ್ಮಂದಿರಾದ ನಮಗಿಬ್ಬರಿಗೂ ತಡೆಯಲಾಗಲಿಲ್ಲ. ಇಳಿಸಿದ ದಿನವೇ ಡ್ಯಾಶ್‌ಬೋರ್ಡಿನ ಮೇಲಿನ ಲೋಹದ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿದೆವು. ಸವೆದ ಅಕ್ಷರಗಳ ನಡುವೆ ತಯಾರಕರ ಹೆಸರೂ ಅದರ ಕೆಳಗೆ ‘ಬಾಂಬೆ’ ಎಂಬ ಊರ ಹೆಸರೂ ಮೂಡಿ ಬಂದವು. 1964ರ ಗಾಡಿ. ಅದನ್ನು ಹೆತ್ತ ಕಂಪನಿಯ ಕಾಂದಿವಲಿ ಕಾರ್ಖಾನೆ ನಮ್ಮ ಅಂಗಳದಿಂದ ಕೂಗಳತೆಯ ದೂರದಲ್ಲಿದೆ. ಅರುವತ್ತು ವರ್ಷ ಪರವೂರಿನಲ್ಲಿ ದುಡಿದು ಜೀಪು ತವರಿಗೆ ಮರಳಿತ್ತು. ನಮ್ಮ ಕಥೆ ತಿರುವು ಮುರುವು: ಅದು ಸವೆದ ಊರು ನಮ್ಮ ತವರು, ಅದರ ತವರು ನಾವು ಸವೆಯುತ್ತಿರುವ ಊರು.

ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವಾಗ ನಾವೆಲ್ಲರೂ ಹೊಟೇಲು, ರಾತ್ರಿಶಾಲೆ, ಗಿರಣಿ, ಸಂಘಸಂಸ್ಥೆಗಳನ್ನು ನೆನೆಯುತ್ತೇವೆ. ಗ್ಯಾರೇಜನ್ನು ನೆನೆಯುವವರು ಕಡಿಮೆ. ಈ ನಗರದಲ್ಲಿ ತಯಾರಾಗಿ ನಮ್ಮ ಮಲೆನಾಡಿನ ಬದುಕಿನ ಒಳಹೊಕ್ಕ ವಸ್ತುಗಳ ಪಟ್ಟಿ ಮಾಡಿದರೆ ಜೀಪಿಗೆ ಮೊದಲ ಸಾಲಿನಲ್ಲೇ ಜಾಗವಿದೆ. ಹಾಗಾಗಿ ಈ ರಿಪೇರಿಯ ಕಥೆಯನ್ನು ಹೇಳುವ ಮೊದಲು ಆ ಗಾಡಿಯ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕು.

1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ 135 ತಯಾರಕರಿಗೆ ಪತ್ರ ಬರೆದು, ನಾಲ್ಕೂ ಚಕ್ರಗಳು ಎಳೆಯುವ ಹಗುರವಾದ ಗಾಡಿಯೊಂದನ್ನು ಕೇಳಿತು. ಮಾದರಿಯನ್ನು ಒಪ್ಪಿಸಲು ಕೊಟ್ಟ ಗಡುವು 49 ದಿನ. ಆ ಗಡುವಿನೊಳಗೆ ಮಾದರಿಯನ್ನು ಕೊಟ್ಟದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಸಣ್ಣ ಊರಿನ, ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಕಂಪನಿ. ಅದಕ್ಕಾಗಿ ನಕ್ಷೆ ಬರೆದವನು ಕಾರ್ಲ್ ಪ್ರಾಬ್ಸ್ಟ್. ಆದರೆ ಸೇನೆ ಬ್ಯಾಂಟಮ್‌ನ ನಕ್ಷೆಯನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಮುಂದೆಯೂ ಹರಡಿತು. ಬಾರ್ನಿ ರೂಸ್ ಎಂಬ ಇಂಜಿನಿಯರ್ ಪಳಗಿಸಿದ 60 ಅಶ್ವಶಕ್ತಿಯ ಎಂಜಿನ್ ವಿಲ್ಲಿಸ್ ಬಳಿ ಇತ್ತು. ಆ ಬಲದಿಂದ ಗುತ್ತಿಗೆ ಅವರ ಪಾಲಾಯಿತು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಸುಮಾರು 6.4 ಲಕ್ಷ ಜೀಪುಗಳನ್ನು ಕಟ್ಟಿದ್ದವು. ಬ್ಯಾಂಟಮ್‌ಗೆ ಕೊನೆಗೆ ದಕ್ಕಿದ್ದು ಟ್ರೇಲರುಗಳನ್ನು ಮಾಡುವ ಕೆಲಸ. ಫೋರ್ಡ್ ತನ್ನ ಜೀಪಿನ ಬೋಲ್ಟುಗಳ ತಲೆಯ ಮೇಲೂ ತನ್ನ ಹೆಸರಿನ ಮೊದಲ ಅಕ್ಷರವನ್ನು ಒತ್ತುತ್ತಿತ್ತು. ಆದರೆ ಎರಡು ಕಂಪನಿಗಳ ಬಿಡಿಭಾಗಗಳು ಪರಸ್ಪರ ಹೊಂದುತ್ತಿದ್ದುದರಿಂದ, ಒಮ್ಮೆ ರಣರಂಗದಲ್ಲಿ ರಿಪೇರಿಯಾದ ಜೀಪಿನಲ್ಲಿ ಯಾರ ಬೋಲ್ಟು ಎಲ್ಲಿದೆ ಎಂದು ಹೇಳುವುದು ಕಷ್ಟ. ಜೀಪಿನ ಜಾತಕದಲ್ಲೇ ಈ ಮಿಶ್ರಣವಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ. ಮುಂದೆ ಇದು ಬೇಕಾಗುತ್ತದೆ.

ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಜಗತ್ತಿನಾದ್ಯಂತ ಸಾಮಾನ್ಯರ ಕೈಗೆ ಬಂದವು. ಫಿಲಿಪೀನ್ಸಿನ ಜನ ಅವನ್ನು ಉದ್ದಕ್ಕೆ ಹಿಗ್ಗಿಸಿ, ಬೆಂಚು ಹಾಕಿ, ಬಣ್ಣ ಬಳಿದು ‘ಜೀಪ್ನಿ’ ಎಂಬ ಹೊಸ ವಾಹನವನ್ನೇ ಸೃಷ್ಟಿಸಿದರು. ಭಾರತದಲ್ಲಿ ಹಳೆಯ ಜೀಪಿನ ದುರಸ್ತಿ ಸಾರ್ವಜನಿಕ ಚರ್ಚೆಗೆ ಬಂದದ್ದು ಅಷ್ಟು ಶುಭಕರವಾಗಿ ಅಲ್ಲ. 1948ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಲಂಡನ್ನಿನ ನಮ್ಮ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಅವರು ದುರಸ್ತಿ ಮಾಡಿದ 2000 ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಬಂದು ತಲುಪಿದ್ದು 155. ಅವೂ ಸೇನೆಯ ಬಳಕೆಗೆ ಯೋಗ್ಯವಾಗಿರಲಿಲ್ಲ. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಗಿ, 1955ರ ಸೆಪ್ಟೆಂಬರಿನಲ್ಲಿ ಸರಕಾರ ಪ್ರಕರಣ ಮುಗಿಯಿತೆಂದು ಘೋಷಿಸಿತು. ಸ್ವತಂತ್ರ ಭಾರತದ ಮೊದಲ ಹಗರಣವೆಂದು ಇದನ್ನು ಕರೆಯುವುದು ವಾಡಿಕೆ. ಹಳೆಯ ಜೀಪನ್ನು ಸರಿಮಾಡುತ್ತೇವೆಂದು ಹೊರಟ ನಾವು ಈ ಪ್ರಸಂಗವನ್ನು ಓದಿ ಸ್ವಲ್ಪ ವಿನಯವನ್ನು ಕಲಿತೆವು.

ಇಷ್ಟರಲ್ಲಿ ಮುಂಬಯಿಯಲ್ಲಿ ಬೇರೆ ಬಗೆಯ ಸಿದ್ಧತೆ ನಡೆದಿತ್ತು. 1945ರ ಅಕ್ಟೋಬರ್ 2ರಂದು ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸಹೋದರರು ಮಲಿಕ್ ಗುಲಾಮ್ ಮೊಹಮ್ಮದ್ ಅವರೊಂದಿಗೆ ಸೇರಿ ‘ಮಹೀಂದ್ರಾ ಅಂಡ್ ಮೊಹಮ್ಮದ್’ ಎಂಬ ಉಕ್ಕಿನ ವ್ಯಾಪಾರ ಸಂಸ್ಥೆಯನ್ನು ಕಟ್ಟಿದರು. ಕೆ.ಸಿ. ಮಹೀಂದ್ರಾ ಯುದ್ಧಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಭಾರತ ಸರಕಾರದ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದವರು. ಅಲ್ಲಿ ಬಾರ್ನಿ ರೂಸ್‌ನನ್ನು ಭೇಟಿಯಾದದ್ದೇ ಜೀಪಿನ ಕಡೆಗೆ ಅವರ ಮನಸ್ಸು ವಾಲಲು ಕಾರಣ ಎಂದು ಕಂಪನಿಯ ಇತಿಹಾಸ ಹೇಳುತ್ತದೆ. ದೇಶವಿಭಜನೆಯಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು. 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಸಂಸ್ಥೆಯ ಹೆಸರು ‘ಮಹೀಂದ್ರಾ ಅಂಡ್ ಮಹೀಂದ್ರಾ’ ಎಂದಾಯಿತು. ‘ಎಂ ಅಂಡ್ ಎಂ’ ಎಂದು ಅಚ್ಚಾಗಿದ್ದ ಕಾಗದಗಳು ಹಾಳಾಗದಿರಲೆಂದು ಹಾಗೆ ಮಾಡಿದರೆಂಬ ಕಥೆಯೊಂದು ಇದೆ. ನಿಜವೋ ಸುಳ್ಳೋ, ಮುಂಬಯಿಯ ವ್ಯಾಪಾರಿ ಬುದ್ಧಿಗೆ ತಕ್ಕ ಕಥೆಯೆಂಬುದರಲ್ಲಿ ಸಂಶಯವಿಲ್ಲ.

1949ರಲ್ಲಿ ವಿಲ್ಲಿಸ್ ಕಂಪನಿಯಿಂದ ಬಿಡಿಬಿಡಿಯಾಗಿ ಹಡಗಿನಲ್ಲಿ ಬಂದ 75 ಜೀಪುಗಳ ಮೊದಲ ಕಂತು ಮಜಗಾಂವಿನಲ್ಲಿ ಜೋಡಣೆಯಾಯಿತು. ಡಾಕ್‌ಯಾರ್ಡ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಹಡಗುಕಟ್ಟೆಯ ಗೋಡೆಗುಂಟ ನಡೆದವರಿಗೆ ಆ ಜಾಗದ ಆಯ್ಕೆಯ ಕಾರಣ ಯಾರೂ ಹೇಳದೆಯೇ ತಿಳಿಯುತ್ತದೆ. ಪೆಟ್ಟಿಗೆಗಳನ್ನು ಹಡಗಿನಿಂದ ಇಳಿಸಿ, ದೂರ ಸಾಗಿಸದೆ ಅಲ್ಲಿಯೇ ಒಡೆದು ಜೋಡಿಸಬಹುದಿತ್ತು. ಆ ಕಾಲದ ಮುಂಬಯಿಯಲ್ಲಿ ಇದು ಹೊಸ ಕಸುಬೇನೂ ಆಗಿರಲಿಲ್ಲ. ಶಿವಡಿಯಲ್ಲಿ ಜನರಲ್ ಮೋಟರ್ಸ್ 1928ರಿಂದಲೇ ಕಾರುಗಳನ್ನು ಜೋಡಿಸುತ್ತಿತ್ತು. ಕುರ್ಲಾದಲ್ಲಿ ವಾಲಚಂದ್ ಹಿರಾಚಂದರ ಪ್ರೀಮಿಯರ್ ಕಾರ್ಖಾನೆ ಇತ್ತು. ಆದರೆ ಬರಿಯ ಜೋಡಣೆ ಸಾಲದು, ಹಂತಹಂತವಾಗಿ ಇಲ್ಲೇ ತಯಾರಿಸುವ ಯೋಜನೆ ಇರಬೇಕು ಎಂದು 1953ರಲ್ಲಿ ಸರಕಾರ ನಿಯಮ ಮಾಡಿದಾಗ ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿತು. ಮಹೀಂದ್ರಾ ಉಳಿಯಿತು, ಮಜಗಾಂವಿನಿಂದ ಕಾಂದಿವಲಿಗೂ ಹಬ್ಬಿತು.

ಅದು ನೆಚ್ಚಿಕೊಂಡ ಮಾದರಿ ವಿಲ್ಲಿಸ್‌ನ ‘ಸಿಜೆ-3ಬಿ’. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಜೀಪಿನ ಬಾನೆಟ್ಟು ಹಿಂದಿನವಕ್ಕಿಂತ ಎತ್ತರ. ಎತ್ತಿದ ಹುಬ್ಬಿನಂತೆ ಕಾಣುತ್ತದೆ. ಒಳಗಿನ ‘ಹರಿಕೇನ್’ ಎಂಬ ಎಂಜಿನ್ನಿನಲ್ಲಿ ಇಂಧನ ಒಳಹೋಗುವ ಕವಾಟಗಳನ್ನು ಮೇಲಕ್ಕೆ ಏರಿಸಿದ್ದರಿಂದ ಎಂಜಿನ್ ಉದ್ದವಾಯಿತು, ಮುಚ್ಚಳ ಎತ್ತರಿಸಲೇಬೇಕಾಯಿತು. ಹರಿಕೇನ್ ಎಂದರೆ ಲಾಂದ್ರವೆಂದೇ ತಿಳಿದಿದ್ದ ನಮ್ಮ ಊರಿನಲ್ಲಿ ಈ ಹೆಸರು ಎಷ್ಟು ತಮಾಷೆಗೆ ಕಾರಣವಾಯಿತೆಂಬುದನ್ನು ಮಾವ ಹೇಳುತ್ತಿದ್ದರು. ಅಮೆರಿಕದಲ್ಲಿ ಈ ಮಾದರಿ 1968ರಲ್ಲಿ ನಿಂತುಹೋಯಿತು. ಜಪಾನಿನಲ್ಲಿ ಮಿತ್ಸುಬಿಷಿ ಅದರ ಸಂತತಿಯನ್ನು 1998ರವರೆಗೂ ಕಟ್ಟಿತು. ಭಾರತದಲ್ಲಿ ಅದರ ರಕ್ತಸಂಬಂಧಿಗಳು ಇನ್ನೂ ಹುಟ್ಟುತ್ತಿದ್ದಾರೆ ಎಂದರೆ ಅತಿಶಯೋಕ್ತಿಯಲ್ಲ.

ಜೀಪು ನಮ್ಮ ಹಳ್ಳಿಗಳಿಗೆ ಬಂದದ್ದು ಸರಕಾರದ ಹೆಗಲೇರಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಬ್ಲಾಕಿನ ಅಧಿಕಾರಿಗೆ ಜೀಪು ಬಂತು. ಮುಂದೆ ಮಲೇರಿಯಾ ನಿಯಂತ್ರಣದವರು, ಅರಣ್ಯದವರು, ಪೊಲೀಸರು, ಚುನಾವಣೆಯವರು. ಜೀಪಿನ ಸದ್ದು ಕೇಳಿದರೆ ಮಕ್ಕಳು ಓಡಿಬರುವ, ಕೆಲವು ಹಿರಿಯರು ಹಿತ್ತಿಲಿಗೆ ಜಾರುವ ಕಾಲ ಅದು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದದ್ದು ನಮ್ಮ ಜೀಪು ನೋಂದಣಿಯಾದ 1964ರಲ್ಲಿಯೇ. ಅಣೆಕಟ್ಟಿನ ಹಿನ್ನೀರು ದಾರಿಗಳನ್ನು ನುಂಗಿದ ಮೇಲೆ ಆ ಸೀಮೆಯಲ್ಲಿ ಕಾಡುದಾರಿ ಹತ್ತಬಲ್ಲ ವಾಹನಕ್ಕೆ ಬೆಲೆ ಬಂತು. ಸರಕಾರಿ ಇಲಾಖೆಯೊಂದರ ಹರಾಜಿನಲ್ಲಿ ಮಾವ ಇದನ್ನು ಹಿಡಿದದ್ದು 1971ರಲ್ಲಿ. ಆಮೇಲೆ ಅದು ಹೊತ್ತದ್ದರ ಪಟ್ಟಿ ಮಾಡುವುದು ಕಷ್ಟ: ಸುಲಿದ ಅಡಿಕೆ, ಮದುವೆಯ ದಿಬ್ಬಣ, ಯಕ್ಷಗಾನ ಮೇಳದ ಪೆಟ್ಟಿಗೆ, ಹೆರಿಗೆಯ ನೋವಿನಲ್ಲಿದ್ದ ನಮ್ಮ ಚಿಕ್ಕಮ್ಮ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಇಂದಿಗೂ ಪ್ರವಾಸಿಗರನ್ನು ಕುಲುಕಿಸಿಕೊಂಡು ಹತ್ತುವ ಬಾಡಿಗೆ ಜೀಪುಗಳೂ ಮಡಿಕೇರಿ ಬಳಿಯ ಮಾಂದಲಪಟ್ಟಿಗೆ ಏರುವವೂ ಇದೇ ವಂಶದ ಕಿರಿಯರು.

ಹರಿಕೇನಿಗೆ ಒಂದು ದುರ್ಗುಣವಿತ್ತು: ಅದು ಪೆಟ್ರೋಲ್ ಕುಡಿಯುತ್ತಿತ್ತು. 1973ರಲ್ಲಿ ಜಗತ್ತಿನ ತೈಲದ ಬೆಲೆ ನಾಲ್ಕು ಪಟ್ಟು ಏರಿದ ಮೇಲೆ ಈ ದುರ್ಗುಣ ಅಸಹನೀಯವಾಯಿತು. ಡೀಸೆಲ್ ಬೆಲೆಯನ್ನು ಸರಕಾರ ರೈತರಿಗೂ ಸಾಗಾಣಿಕೆಗೂ ಅನುಕೂಲವಾಗುವಂತೆ ಕಡಿಮೆ ಇಟ್ಟಿತ್ತು. ಹೀಗಾಗಿ ದೇಶದ ತುಂಬ ಜೀಪಿನವರೆಲ್ಲ ಡೀಸೆಲ್ ಎಂಜಿನ್ನಿನ ಬೇಟೆಗೆ ಹೊರಟರು. ಅಂಬಾಸಡರಿನ ಡೀಸೆಲ್, ಮೆಟಡಾರ್ ವ್ಯಾನಿನ ಡೀಸೆಲ್, ಸಿಕ್ಕಿದ್ದೆಲ್ಲ ಜೀಪಿನ ಹೊಟ್ಟೆ ಸೇರಿತು. ಇಲ್ಲಿಯ ಜಾಣತನ ಕಾರ್ಖಾನೆಯದೋ ಬೀದಿಯ ಮೇಸ್ತ್ರಿಯದೋ ಎಂದು ಕೇಳಿದರೆ ಎರಡನ್ನೂ ಬಿಡಿಸಿ ಹೇಳುವುದು ಸುಲಭವಲ್ಲ. ಮಹೀಂದ್ರಾ ಕಂಪನಿ ಅಮೆರಿಕದ ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆಗೂಡಿ 1963ರಿಂದ ಟ್ರ್ಯಾಕ್ಟರ್ ಉದ್ಯಮದಲ್ಲಿ ತೊಡಗಿತ್ತು. ಆ ‘ಬಿ-275’ ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ 2350 ಸಿಸಿಯ ಜೀಪಿನ ಡೀಸೆಲ್ ಎಂಜಿನ್ ಹುಟ್ಟಿತು. ಉಳುವ ಯಂತ್ರದ ಹೃದಯವನ್ನು ಓಡುವ ಗಾಡಿಗೆ ಹಾಕುವ ಈ ಯೋಚನೆಗೆ ಗುಡುಗುಡಿಸುವ ಸದ್ದಿನ ಹೊರತು ಬೇರೆ ಅಡ್ಡಿ ಇರಲಿಲ್ಲ. 1979ರ ಹೊತ್ತಿಗೆ ಫ್ರಾನ್ಸಿನ ಪಿಜೋ ಕಂಪನಿಯ ಪರವಾನಗಿ ಪಡೆದು 2112 ಸಿಸಿಯ ಹೊಸ ಡೀಸೆಲ್ ತಂದರು. ಆ ಎಂಜಿನ್ನುಗಳು ಇಗತ್‌ಪುರಿಯಲ್ಲಿ ತಯಾರಾದವು. 1985ರ ‘ಎಂಎಂ 540’ ಜೀಪಿನ ಹೊಟ್ಟೆಯಲ್ಲಿದ್ದದ್ದು ಅದೇ.

ಮಾವ ಟ್ರ್ಯಾಕ್ಟರ್ ಕುಲದ ಎಂಜಿನ್ನನ್ನು ಸಾಗರದಲ್ಲಿ ಕೂರಿಸಿಕೊಂಡದ್ದು 1983ರಲ್ಲಿ. ಹಳೆಯ ಹರಿಕೇನ್ ತೋಟದ ಬಾವಿಯ ಪಂಪಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮಾವ ಕಾಗದಪತ್ರದಲ್ಲಿ ಕಟ್ಟುನಿಟ್ಟಿನ ಮನುಷ್ಯ. ನೋಂದಣಿ ಪುಸ್ತಕದಲ್ಲಿ ಎಂಜಿನ್ ಸಂಖ್ಯೆಯನ್ನು ಹೊಡೆದು, ಕೆಂಪು ಶಾಯಿಯಲ್ಲಿ ಹೊಸ ಸಂಖ್ಯೆ ಮತ್ತು ‘ಡೀಸೆಲ್’ ಎಂದು ಬರೆಸಿ, ಮುದ್ರೆ ಹಾಕಿಸಿಕೊಂಡಿದ್ದಾರೆ. ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಎಂದು ಶುರುವಾಗುವ ಸಂಖ್ಯೆ ಮಾತ್ರ ಹಾಗೆಯೇ ಇದೆ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ಕೆಲಸ ಶುರುವಾದದ್ದು ಪಾನಾದ ಸಮಸ್ಯೆಯಿಂದ. ಭಾರತ 1956ರಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದರೂ ಜೀಪಿನ ನಟ್ಟುಬೋಲ್ಟುಗಳು ಇಂಚಿನ ಭಿನ್ನರಾಶಿಯಲ್ಲೇ ಮುಂದುವರಿದವು. ಟ್ರ್ಯಾಕ್ಟರಿನ ಎಂಜಿನ್ ಕೂಡ ಇಂಚಿನದು. ಆದರೆ ಮಾವ ಆಮೇಲೆ ಹಾಕಿಸಿದ ಆಲ್ಟರ್ನೇಟರ್ ಮುಂತಾದವು ಮಿಲಿಮೀಟರಿನವು. ಒಂದೇ ಗಾಡಿಗೆ ಎರಡು ಪೆಟ್ಟಿಗೆ ಪಾನಾ ಬೇಕಾಯಿತು. ಯಾವ ಬೋಲ್ಟಿಗೆ ಯಾವ ಪಾನಾ ಹಿಡಿಯುತ್ತದೆ ಎಂಬುದರಿಂದಲೇ ಆ ಭಾಗ ಯಾವ ದಶಕದಲ್ಲಿ ಗಾಡಿಗೆ ಸೇರಿತೆಂದು ಹೇಳಬಹುದಿತ್ತು. ಇಂಚಿನ ಹಳೆಯ ಪಾನಾಗಳನ್ನು ನಾವು ಶುಕ್ರವಾರದ ಬೆಳಿಗ್ಗೆ ಚೋರ್ ಬಜಾರಿನ ಬೀದಿಯಲ್ಲಿ ಗೋಣಿಯ ಮೇಲೆ ಹರಡಿದ್ದ ಕಬ್ಬಿಣದ ರಾಶಿಯಿಂದ ಆರಿಸಿದೆವು. ಮುದುಕ ವ್ಯಾಪಾರಿ ಪಾನಾವನ್ನು ಅಂಗೈಯಲ್ಲಿ ತೂಗಿ, ಕಣ್ಣು ಮುಚ್ಚಿ ‘ನೌ ಬಟಾ ಸೋಲಾ’ ಎನ್ನುತ್ತಿದ್ದ. ಅಳೆದು ನೋಡಿದರೆ ಒಂಬತ್ತು ಹದಿನಾರಾಂಶ ಇಂಚು, ಒಂದು ಸಲವೂ ತಪ್ಪಲಿಲ್ಲ. ಬಿಡಿಭಾಗಗಳಿಗೆ ಕುರ್ಲಾ. ಅಲ್ಲಿಯ ಹಳೆ ಸಾಮಾನಿನ ಓಣಿಗಳಲ್ಲಿ ನಡೆಯುವಾಗ ಬೀಸೇ ಉಗುಳುವ ಗಿಯರ್ ಬಾಕ್ಸುಗಳ ಗುಡ್ಡದ ನಡುವೆ ಮನುಷ್ಯ ಸಣ್ಣವನಾಗುತ್ತಾನೆ.

ಗಾಡಿಯನ್ನು ಹಂದರದವರೆಗೆ ಬಿಚ್ಚಿದಾಗ ಎರಡು ಸತ್ಯಗಳು ತಿಳಿದವು. ಒಂದು, ಮಲೆನಾಡಿನ ಮಳೆ ಜೀಪಿನ ತಗಡನ್ನು ತಿಂದಿರಲಿಲ್ಲ. ತಿಂದದ್ದು ನಿಂತ ಆರು ವರ್ಷಗಳ ತೇವ. ಓಡುವ ಜೀಪಿನ ಅಡಿಯಲ್ಲಿ ಎಂಜಿನ್ನಿನ ಸೋರುವ ಎಣ್ಣೆಯೇ ತುಕ್ಕಿಗೆ ಮದ್ದಾಗಿತ್ತು. ಎರಡು, ಡೀಸೆಲ್ ಎಂಜಿನ್ನಿನ ಭಾರ ಮತ್ತು ನಡುಕ ಚಾಸಿಯ ಎಡಗಂಬಿಯನ್ನು ಸೀಳಿತ್ತು. ಎಂಜಿನ್ನನ್ನು ಹೊತ್ತ ಬ್ರ್ಯಾಕೆಟ್ಟಿನ ಹಿಂದೆ ಕೂದಲೆಳೆಯಷ್ಟು ಬಿರುಕು. ಅದರ ಮೇಲೆ ಸಾಗರದ ಮೇಸ್ತ್ರಿ ಎಂದೋ ಹಾಕಿದ ಲೋಹದ ತೇಪೆ. ತೇಪೆಯ ಅಂಚಿನಿಂದ ಇನ್ನೊಂದು ಬಿರುಕು. ಹರಿಕೇನಿಗೆಂದು ಅಳೆದ ಕಂಬಿಗೆ ಅದರ ಯೋಗ್ಯತೆ ಮೀರಿದ ಹೊರೆಯನ್ನು ನಲವತ್ತು ವರ್ಷ ಹೊರಿಸಿದ್ದೆವು. ಈ ಬೆಸುಗೆಯನ್ನು ನಾವು ಮಾಡಲಿಲ್ಲ. ಮನೆಯಲ್ಲಿ ಮಾಡುವ ಕೆಲಸ, ಮಾಡಬಾರದ ಕೆಲಸ ಎಂಬ ಗೆರೆಯನ್ನು ಎಲ್ಲಿಯಾದರೂ ಎಳೆಯಬೇಕು. ಚಾಸಿಯ ಬೆಸುಗೆ ಆ ಗೆರೆಯ ಆಚೆಗಿನದು. ಬೋರಿವಲಿಯ ನುರಿತ ಬೆಸುಗೆಗಾರರೊಬ್ಬರು ಬಂದು ಹಳೆಯ ತೇಪೆಯನ್ನು ಕತ್ತರಿಸಿ, ಬಿರುಕಿನ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದು ಅದು ಮುಂದೆ ಓಡದಂತೆ ತಡೆದು, ಒಳಗಿನಿಂದ ವಜ್ರಾಕಾರದ ಹಲಗೆ ಕೂರಿಸಿದರು. ನೇರ ಅಂಚಿನ ತೇಪೆಯಾದರೆ ಒತ್ತಡವೆಲ್ಲ ಆ ಅಂಚಿನಲ್ಲೇ ಸೇರಿ ಮತ್ತೆ ಅಲ್ಲೇ ಒಡೆಯುತ್ತದೆ ಎಂದು ವಿವರಿಸಿದರು.

ಬ್ರೇಕಿನಲ್ಲಿ ಮಾತ್ರ ನಾವು ಮೂಲವನ್ನು ಬಿಟ್ಟು ಮುಂದೆ ಹೋದೆವು. ಹಳೆಯ ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಕೊಳವೆ ಜಾಲ. ಎಲ್ಲಿ ಸೋರಿದರೂ ನಾಲ್ಕೂ ಬ್ರೇಕು ಒಟ್ಟಿಗೆ ಕೈಕೊಡುತ್ತವೆ. 1989ರ ಮಳೆಗಾಲದಲ್ಲಿ ಹೊಸನಗರದ ಇಳಿಜಾರಿನಲ್ಲಿ ಅದು ಹಾಗೆ ಕೈಕೊಟ್ಟು, ಮಾವ ಗಾಡಿಯನ್ನು ಗುಡ್ಡಕ್ಕೆ ಒರೆಸಿ ನಿಲ್ಲಿಸಿದ್ದರು. ಒಳಗೆ ನಾವು ಐದು ಮಕ್ಕಳು. ಬಲಬದಿಯ ತಗಡಿನ ಆ ತಗ್ಗು ಇನ್ನೂ ಇದೆ. ಅದನ್ನು ನಾವು ನೇರ ಮಾಡಿಸಲಿಲ್ಲ. ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು ಎಂದು ಎರಡು ಜಾಲಗಳ ಮಾಸ್ಟರ್ ಸಿಲಿಂಡರ್ ಕೂರಿಸಿದೆವು. ಅದರ ಜೊತೆಗೆ ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್. ಇಲ್ಲಿ ಒಂದು ತೊಡಕು: ಬೂಸ್ಟರಿಗೆ ನಿರ್ವಾತ ಬೇಕು. ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗಲೇ ಅದು ದೊರೆಯುತ್ತದೆ, ಡೀಸೆಲ್ಲಿನಲ್ಲಿ ಇಲ್ಲ. ಆದ್ದರಿಂದ ಬೆನ್ನಿಗೆ ನಿರ್ವಾತದ ಪಂಪು ಕಟ್ಟಿಕೊಂಡ ಆಲ್ಟರ್ನೇಟರನ್ನು ಕುರ್ಲಾದಲ್ಲಿ ಹುಡುಕಬೇಕಾಯಿತು. ಡಿಸ್ಕ್ ಬ್ರೇಕು, ಪವರ್ ಸ್ಟೀರಿಂಗು, ಅಗಲ ಟೈರುಗಳು ಎಂದು ಸಲಹೆ ಕೊಟ್ಟವರು ಬಹಳ. ಗಂಟೆಗೆ ಐವತ್ತು ಕಿಲೋಮೀಟರಿನಾಚೆ ಹೋಗಲು ಒಪ್ಪದ ಗಾಡಿಗೆ ಆ ಒಡವೆಗಳು ಏಕೆ ಎಂದು ಬಿಟ್ಟೆವು. ಹಿಂದುಮುಂದಿನ ಆಕ್ಸಲುಗಳ 5.38ರ ಅನುಪಾತ ಬೆಟ್ಟ ಹತ್ತಲು ಮಾಡಿದ್ದು. ಪಶ್ಚಿಮ ದ್ರುತಗತಿ ಹೆದ್ದಾರಿಯಲ್ಲಿ ಸ್ಪರ್ಧೆಗಿಳಿಯಲು ಮಾಡಿದ್ದಲ್ಲ. (ಆ ಹೆದ್ದಾರಿಯಲ್ಲಿ ಸಂಜೆ ಆರರ ನಂತರ ದ್ರುತಗತಿ ಎಂಬುದು ಹೇಗೂ ಹೆಸರಿನಲ್ಲಿ ಮಾತ್ರ.)

ದೀಪಾವಳಿಯ ಹೊತ್ತಿಗೆ ಎಂಜಿನ್ ಹೊತ್ತಿಕೊಂಡಿತು. ನಾಲ್ಕನೆಯ ಮಹಡಿಯಿಂದ ನಮ್ಮ ತಾಯಿ ಇಣುಕಿ, ಅಣ್ಣ ಬಂದ ಹಾಗಾಯಿತು ಎಂದರು. ನಿಜವಾದ ಸಂಕಟ ಶುರುವಾದದ್ದು ಅಲ್ಲಿಂದ.

ಮೋಟಾರು ವಾಹನ ಕಾಯಿದೆಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗೂ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಬೇಕು. ‘ಎಂ.ವೈ.’ ಹೋಗಿ ಬೋರಿವಲಿಯ ‘ಎಂ.ಎಚ್. 47’ ಬರುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5000 ರೂಪಾಯಿಗೆ ಏರಿತ್ತು. ಇದು ಒಂದು ದಾರಿ. ಇನ್ನೊಂದು, 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳಿಗೆ ಹತ್ತು ವರ್ಷದ ನೋಂದಣಿ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ. ಮುಖ್ಯವಾಗಿ, ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಶರತ್ತು ಒಂದೇ: ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಮೂಲ ವಿನ್ಯಾಸದ ವಿಷಯದಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕಟ್ಟುನಿಟ್ಟಿನ ತೀರ್ಪು ಕೊಟ್ಟಿದೆ.

ಅಂದರೆ ಮಾವನ ಸಂಖ್ಯೆಯನ್ನು ಉಳಿಸಬೇಕಾದರೆ ಮಾವನ ಎಂಜಿನ್ನನ್ನು ಕಿತ್ತೆಸೆಯಬೇಕು. ಎಂಜಿನ್ನನ್ನು ಉಳಿಸಬೇಕಾದರೆ ಸಂಖ್ಯೆಯನ್ನು ಬಿಡಬೇಕು.

ನಿಯಮದ ಉದ್ದೇಶ ನಮಗೆ ಅರ್ಥವಾಗುತ್ತದೆ. ಸಿಕ್ಕಸಿಕ್ಕ ಎಂಜಿನ್ನುಗಳನ್ನು ತುರುಕಿದ ಗಾಡಿಗಳು ಜನರನ್ನು ಕೊಂದಿವೆ. ನಮ್ಮ ಚಾಸಿಯ ಬಿರುಕು ಅದಕ್ಕೆ ಸಾಕ್ಷಿ. ಆದರೆ ‘ಮೂಲರೂಪ’ ಎಂಬ ಮಾತನ್ನು ಭಾರತದ ಜೀಪಿಗೆ ಅನ್ವಯಿಸಿದಾಗ ಒಂದು ವಿಚಿತ್ರ ಉಂಟಾಗುತ್ತದೆ. ಇಲ್ಲಿ ಮೂಲರೂಪದಲ್ಲಿ ಉಳಿದ ಜೀಪೆಂದರೆ ಹೆಚ್ಚಾಗಿ ದುಡಿಯದೆ ಉಳಿದ ಜೀಪು. ದುಡಿದದ್ದು ಬದಲಾಗಿದೆ, ಬದಲಾದದ್ದರಿಂದಲೇ ಉಳಿದಿದೆ. ಟ್ರ್ಯಾಕ್ಟರ್ ಎಂಜಿನ್ನನ್ನು ಜೀಪಿಗೆ ಹಾಕಿದ್ದು ತಯಾರಕರೇ ಒಪ್ಪಿ ಮಾರಿದ ಪದ್ಧತಿಯಾಗಿರುವಾಗ, 1983ರ ಆ ಎಂಜಿನ್ ಜೀಪಿನ ಇತಿಹಾಸಕ್ಕೆ ಕಳಂಕವೋ ಅಥವಾ ಇತಿಹಾಸದ್ದೇ ಒಂದು ಅಧ್ಯಾಯವೋ? ನಮ್ಮ ಮತ ಎರಡನೆಯದು. ಹರಿಕೇನನ್ನು ಮರಳಿ ತಂದರೂ ಅದು 1964ರದ್ದಾಗಲಾರದು ಎಂಬುದನ್ನೂ ಸೇರಿಸಬೇಕು. ಅಂದಿನ ಪೆಟ್ರೋಲಿನಲ್ಲಿ ಸೀಸವಿತ್ತು. ಕವಾಟ ಕೂರುವ ಅಂಚುಗಳನ್ನು ಅದು ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ, ಹಾಗಾಗಿ ಗಟ್ಟಿ ಉಕ್ಕಿನ ಹೊಸ ಅಂಚುಗಳನ್ನು ಕೂರಿಸಬೇಕು. ಈಗಿನ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆ, ಹಾಗಾಗಿ ಕೊಳವೆಗಳೂ ಪಂಪಿನ ಪೊರೆಯೂ ಹೊಸವಾಗಬೇಕು. ಹೊರಗಿನಿಂದ ನೋಡುವ ಪರೀಕ್ಷಕರಿಗೆ ಮಾತ್ರ ಅದು ಮೂಲರೂಪ.

ಮೂಲ ಯಾರದು ಎಂಬ ಪ್ರಶ್ನೆ ಸಮುದ್ರದಾಚೆಯೂ ಎದ್ದಿದೆ. 2018ರಲ್ಲಿ ಮಹೀಂದ್ರಾ ತನ್ನ ಜೀಪಿನ ಸಂತತಿಯ ‘ರಾಕ್ಸರ್’ ಎಂಬ ಗಾಡಿಯನ್ನು ಅಮೆರಿಕದ ಮಿಶಿಗನ್ನಿನಲ್ಲಿ ಜೋಡಿಸಿ ಮಾರತೊಡಗಿತು. ಮಜಗಾಂವಿಗೆ ಪೆಟ್ಟಿಗೆಯಲ್ಲಿ ಬಂದದ್ದು ಎಪ್ಪತ್ತು ವರ್ಷದ ನಂತರ ಬಿಡಿಭಾಗಗಳಾಗಿ ಹಿಂತಿರುಗಿತು. ಜೀಪ್ ಹೆಸರಿನ ಇಂದಿನ ಒಡೆಯರು ದಾವೆ ಹೂಡಿದರು. 2020ರಲ್ಲಿ ಅಲ್ಲಿಯ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ ಅವರ ಪರ ತೀರ್ಪಿತ್ತಿತು. ರಾಕ್ಸರ್ ತನ್ನ ಮುಖವನ್ನು ಬದಲಿಸಿಕೊಳ್ಳಬೇಕಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಇಲ್ಲಿ ಹೊಸ ಥಾರ್ ಮಾರುಕಟ್ಟೆಗೆ ಬಂತು. ಕಂಪನಿ ಹುಟ್ಟಿದ ದಿನ, ಬ್ಲಾಕಿನ ಜೀಪು ಹಳ್ಳಿಗೆ ಹೊರಟ ದಿನ, ಥಾರ್ ಬಂದ ದಿನ. ಮೂರೂ ಗಾಂಧಿ ಜಯಂತಿಯಂದೇ ಬಿದ್ದಿರುವುದನ್ನು ಬಾಪೂ ಹೇಗೆ ನೋಡುತ್ತಿದ್ದರೋ. ನಡೆದುಕೊಂಡು ಹೋಗುವುದೇ ಅವರಿಗೆ ಇಷ್ಟವಾಗಿತ್ತು.

ಜನವರಿಯಲ್ಲಿ ಕುರ್ಲಾದ ಒಂದು ಓಣಿಯಲ್ಲಿ ನಮಗೆ ಹರಿಕೇನ್ ಸಿಕ್ಕಿತು. ಹೆಡ್ಡು, ಬ್ಲಾಕು ಎರಡೂ ಇವೆ; ಕಾರ್ಬ್ಯುರೇಟರ್ ಇಲ್ಲ; ಮೂರನೆಯ ಸಿಲಿಂಡರಿನಲ್ಲಿ ಗೀರು. ಅಣ್ಣ ಬೇಡವೆಂದ, ತಮ್ಮ ಬೇಕೆಂದ. ಟೆಂಪೋದವನು ಆಗಲೇ ಹಗ್ಗ ಕಟ್ಟಿದ್ದ. ಈಗ ಅದು ನಮ್ಮ ಕಟ್ಟಡದ ಮೆಟ್ಟಿಲಡಿಯಲ್ಲಿ ಗೋಣಿ ಹೊದ್ದು ಕುಳಿತಿದೆ. ಜೀಪು ಬಂದು ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ಹನ್ನೆರಡು ತಿಂಗಳು ತುಂಬುತ್ತದೆ. ಶಿವಮೊಗ್ಗದ ನಿರಾಕ್ಷೇಪಣಾ ಪತ್ರದ ಅರ್ಜಿಯನ್ನು ತುಂಬಿ ಇಟ್ಟಿದ್ದೇವೆ; ವಿಂಟೇಜ್ ನಿಯಮದ ಅರ್ಜಿಯನ್ನೂ ತುಂಬಿ ಇಟ್ಟಿದ್ದೇವೆ. ಎರಡೂ ಒಂದೇ ಲಕೋಟೆಯಲ್ಲಿವೆ, ಸಹಿ ಮಾತ್ರ ಆಗಿಲ್ಲ. ಮೆಟ್ಟಿಲಡಿಯ ಕಬ್ಬಿಣವನ್ನು ತೆಗೆಯಬೇಕೆಂದು ಸೊಸೈಟಿಯ ಕಾರ್ಯದರ್ಶಿಗಳು ಮೊನ್ನೆ ಎರಡನೆಯ ನೋಟೀಸು ಅಂಟಿಸಿದ್ದಾರೆ. ಅಂಟಿಸಿ ಹೋಗುವಾಗ ಅಂಗಳದಲ್ಲಿ ನಿಂತು, ಭಾನುವಾರ ಮೊಮ್ಮಗನನ್ನು ಜೀಪಿನಲ್ಲಿ ಒಂದು ಸುತ್ತು ಕರೆದೊಯ್ಯುವಿರಾ ಎಂದು ಕೇಳಿದರು.